ಮೆಟ್ರೋ ನಕ್ಷೆ ನೋಡಿ ಬೆಂಗಳೂರಲ್ಲಿ ಓಡಾಡೋದು ಹೇಗೆ? ಶಿರಸಿಯಿಂದ ಅಪ್ಪನನ್ನು ಕರೆದುಕೊಂಡು ಹೋಗಬೇಕು

ಸೋಂದಾ ದಾರಿ
ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ಹತ್ತಿರದ ಹಳ್ಳಿ. ಅಪ್ಪನಿಗೆ 72 ವರ್ಷ. ಸೋಮವಾರ ಬೆಳಗ್ಗೆ ಹೃದಯದ ತಪಾಸಣೆಗೆ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಇರಬೇಕು. ನೆಂಟರ ಮನೆ ಬಿಟಿಎಂ ಲೇಔಟಿನಲ್ಲಿದೆ. ಒಂದು ದಿನ ಮೊದಲೇ ಹೋಗಿ ಅಪ್ಪನಿಗೆ ವಿಶ್ರಾಂತಿ ಕೊಡೋಣ ಅಂತ ಇದ್ದೇನೆ.

ನಾನು ಬೆಂಗಳೂರಿಗೆ ಹೋದದ್ದು ಕಡಿಮೆ. ಹೋದಾಗೆಲ್ಲ ಯಾರಾದರೂ ಬೈಕಿನಲ್ಲಿ ಬಂದು ಕರೆದುಕೊಂಡು ಹೋಗುತ್ತಿದ್ದರು. ಈ ಸಲ ನಾವಿಬ್ಬರೇ. ಮೊಬೈಲಿನಲ್ಲಿ ಮೆಟ್ರೋ ನಕ್ಷೆ ತೆಗೆದು ಎರಡು ದಿನದಿಂದ ನೋಡುತ್ತಿದ್ದೇನೆ. ನೇರಳೆ, ಹಸಿರು, ಹಳದಿ ಅಂತ ಮೂರು ಗೆರೆ. ಮಧ್ಯದಲ್ಲಿ ಮೆಜೆಸ್ಟಿಕ್ ದೊಡ್ಡ ಚುಕ್ಕೆ. ಶನಿವಾರ ರಾತ್ರಿ ಬಸ್ ಹತ್ತಿ, ಭಾನುವಾರ ಬೆಳಗ್ಗೆ ಐದೂವರೆಗೆ ಮೆಜೆಸ್ಟಿಕ್‌ನಲ್ಲಿ ಇಳಿದು, ಅಲ್ಲೇ ಮೆಟ್ರೋ ಹಿಡಿಯೋದು ಅಂತ ನನ್ನ ಲೆಕ್ಕ. ನಕ್ಷೆಯಲ್ಲಿ ಅಲ್ಲಿಂದ ಬಿಟಿಎಂ ಎರಡು ಬೆರಳಷ್ಟು ದೂರ ಕಾಣುತ್ತದೆ. ಎಷ್ಟು ಹೊತ್ತು ಆಗಬಹುದು? ನಕ್ಷೆ ನೋಡಿ ಸಮಯ ಲೆಕ್ಕ ಹಾಕೋದು ಹೇಗೆ? ತಿಳಿದವರು ಹೇಳಿ.

ಅಪ್ಪೆಮಿಡಿ
ಮೆಜೆಸ್ಟಿಕ್‌ವರೆಗೆ ಯಾಕೆ ಹೋಗುತ್ತೀರಿ ಮಾರಾಯ್ರೇ? ಶಿರಸಿ ಬಸ್ಸು ಹಾವೇರಿ ಮೇಲೆ ಬರಲಿ, ಸಾಗರ-ಶಿವಮೊಗ್ಗ ಮೇಲೆ ಬರಲಿ, ಕೊನೆಗೆ ಬೆಂಗಳೂರು ಸೇರೋದು ತುಮಕೂರು ರಸ್ತೆಯಲ್ಲೇ. ಹಸಿರು ಗೆರೆಯ ಒಂದು ತುದಿ ಮಾದಾವರ. ಅಲ್ಲಿಂದ ಯಶವಂತಪುರದ ತನಕ ಮೆಟ್ರೋ ನಿಮ್ಮ ಬಸ್ಸಿನ ಜೊತೆಜೊತೆಗೇ ಬರುತ್ತದೆ. ದಾಸರಹಳ್ಳಿ, ಜಾಲಹಳ್ಳಿ, ಗೊರಗುಂಟೆಪಾಳ್ಯ, ಯಶವಂತಪುರ ಎಲ್ಲ ಅದೇ ರಸ್ತೆ. ಯಶವಂತಪುರದಲ್ಲಿ ಇಳಿದು ಹಸಿರು ಗೆರೆ ಹಿಡಿಯಿರಿ. ಮೆಜೆಸ್ಟಿಕ್‌ನಲ್ಲಿ ಇಳಿಯೋದೇ ಬೇಡ. ಅದೇ ರೈಲು ಆರ್.ವಿ. ರೋಡಿಗೆ ಹೋಗುತ್ತದೆ. ಅಲ್ಲಿ ಹಳದಿಗೆ ಬದಲಾಯಿಸಿ.

ಬನವಾಸಿ ಹುಡುಗಿ
ಅವರು ಹೇಳಿದ್ದು ಸರಿ. ನಾನು ಬೆಂಗಳೂರಿಗೆ ಬಂದು ಐದು ವರ್ಷ ಆಯಿತು. ನಕ್ಷೆ ನೋಡುವವರು ಮೊದಲು ಮಾಡೋ ತಪ್ಪು ಇದೇ. ದೊಡ್ಡ ಚುಕ್ಕೆ ಇರುವಲ್ಲಿಂದಲೇ ಪ್ರಯಾಣ ಶುರು ಅಂದುಕೊಳ್ಳುತ್ತಾರೆ. ನೀವು ತಿರುಗಿಸಿ ನೋಡಿ. ಮೊದಲು ಇಳಿಯುವ ಸ್ಟೇಷನ್ ಹುಡುಕಿ. ಆ ಗೆರೆಯಲ್ಲೇ ಬೆರಳಿಟ್ಟು ಹಿಂದಕ್ಕೆ ಬನ್ನಿ. ಆ ಗೆರೆ ಇನ್ನೊಂದನ್ನು ಎಲ್ಲಿ ಮುಟ್ಟುತ್ತದೆ, ಆ ಇನ್ನೊಂದು ನಿಮ್ಮ ಬಸ್ಸು ಬರುವ ದಾರಿಯನ್ನು ಎಲ್ಲಿ ಮುಟ್ಟುತ್ತದೆ ನೋಡಿ. ಉತ್ತರ ತಾನೇ ಸಿಗುತ್ತದೆ.

ಸಮಯಕ್ಕೆ ನನ್ನ ಲೆಕ್ಕ ಸ್ಟೇಷನ್ನಿಗೆ ಎರಡು ನಿಮಿಷ. ಯಶವಂತಪುರದಿಂದ ಆರ್.ವಿ. ರೋಡ್ ಹದಿನಾಲ್ಕನೇ ಸ್ಟೇಷನ್, ಅಂದರೆ ಅರ್ಧ ಗಂಟೆ. ಅಲ್ಲಿಂದ ರಾಗಿಗುಡ್ಡ, ಜಯದೇವ, ಬಿಟಿಎಂ, ಮೂರೇ. ಬದಲಾಯಿಸಲು, ಕಾಯಲು ಹದಿನೈದು ನಿಮಿಷ ಇಟ್ಟುಕೊಳ್ಳಿ. ವಯಸ್ಸಾದವರ ಜೊತೆ ಅಂದರೆ ಇನ್ನೊಂದು ಹತ್ತು ಸೇರಿಸಿ. ಬೆರಳಿನ ಅಳತೆ ಮಾತ್ರ ಮರೆತುಬಿಡಿ.

ಘಟ್ಟದ ಕೆಳಗೆ
ಭಾನುವಾರ ಬೆಳಗ್ಗೆ ಐದೂವರೆಗೆ ಮೆಟ್ರೋ ಇರುವುದಿಲ್ಲ. ಭಾನುವಾರ ಶುರುವಾಗೋದು 7ಕ್ಕೆ.

ಸೋಂದಾ ದಾರಿ
ಅಯ್ಯೋ ಹೌದಾ? ನಕ್ಷೆಯಲ್ಲಿ ಅದು ಎಲ್ಲೂ ಬರೆದಿಲ್ಲವಲ್ಲ!

ಘಟ್ಟದ ಕೆಳಗೆ
ನಕ್ಷೆ ಅಂದರೆ ವೇಳಾಪಟ್ಟಿ ಅಲ್ಲ. ಹಸಿರು, ನೇರಳೆ ಗೆರೆಗಳಲ್ಲಿ ಬೇರೆ ದಿನ ಬೆಳಗ್ಗೆ 5ಕ್ಕೆ ಶುರು. ಸೋಮವಾರ ಊರಿಂದ ವಾಪಸ್ ಬರುವವರ ಗದ್ದಲ ಜಾಸ್ತಿ ಅಂತ 2025ರ ಜನವರಿಯಿಂದ ಹಸಿರು, ನೇರಳೆ ಗೆರೆಗಳಲ್ಲಿ 4.15ಕ್ಕೇ ಶುರು ಮಾಡಿದರು. ಬಸ್ಸಿನಲ್ಲಿ ಊರಿಂದ ಬರುವ ನಮ್ಮಂಥವರಿಗೆ ಅದು ದೊಡ್ಡ ಉಪಕಾರ. ಆದರೆ ನೀವು ಹೋಗುತ್ತಿರುವುದು ಭಾನುವಾರ. ರಾತ್ರಿ ತಡವಾಗಿ ಶಿರಸಿ ಬಿಡುವ ಬಸ್ಸು ಹಿಡಿಯಿರಿ. ಏಳರ ಹೊತ್ತಿಗೆ ಯಶವಂತಪುರ ಬರುತ್ತದೆ.

ಕಡಲತೀರ ಕಾರವಾರ
ನಾನು ಒಪ್ಪುವುದಿಲ್ಲ. 72 ವರ್ಷದವರು, ಹೃದಯದ ತೊಂದರೆ ಇರುವವರು. ರಸ್ತೆ ಬದಿಯಲ್ಲಿ ಬ್ಯಾಗ್ ಹಿಡಿದು ಇಳಿದು, ಮೆಟ್ಟಿಲು ಹುಡುಕಿ, ತಪಾಸಣೆಯ ಸಾಲಿನಲ್ಲಿ ನಿಂತು, ಮತ್ತೆ ರೈಲು ಬದಲಾಯಿಸಿ... ಯಾಕೆ ಬೇಕು ಇಷ್ಟೆಲ್ಲ? ಒಂದು ಆಟೋ ಮಾಡಿ ಸೀದಾ ಬಿಟಿಎಂಗೆ ಹೋಗಿ. ದುಡ್ಡು ನಾಲ್ಕು ಕಾಸು ಜಾಸ್ತಿ ಆದೀತು, ಅಷ್ಟೇ ಅಲ್ವಾ?

ಅಪ್ಪೆಮಿಡಿ
ಆಟೋದಲ್ಲಿ ಯಶವಂತಪುರದಿಂದ ಬಿಟಿಎಂ ಅಂದರೆ ಇಡೀ ಊರು ದಾಟಿದ ಹಾಗೆ. ಹೊಂಡ, ಬ್ರೇಕು, ಹೊಗೆ. ನನ್ನ ಅತ್ತೆಯವರನ್ನು ಹಾಗೆ ಕರೆದುಕೊಂಡು ಹೋಗಿ ಅವರಿಗೆ ಬೆನ್ನು ನೋವು ಬಂದು ಎರಡು ದಿನ ಮಲಗಿದರು. ಮೆಟ್ರೋದಲ್ಲಿ ಕುಲುಕಾಟ ಇಲ್ಲ. ಹಿರಿಯರಿಗೆ ಅಂತ ಸೀಟು ಇದೆ, ಕೇಳಿದರೆ ಎದ್ದು ಕೊಡುತ್ತಾರೆ. ಪ್ರತಿ ಸ್ಟೇಷನ್ನಿನಲ್ಲಿ ಲಿಫ್ಟ್ ಇದೆ.

ಕಡಲತೀರ ಕಾರವಾರ
ಲಿಫ್ಟ್ ಇದೆ ನಿಜ. ರಸ್ತೆಯ ಯಾವ ಬದಿ ಇದೆ? ಅದನ್ನು ನಿಮ್ಮ ನಕ್ಷೆ ಹೇಳುತ್ತದೆಯಾ? ನಮ್ಮಮ್ಮನಿಗೆ ಮೊಣಕಾಲು ನೋವು. ಒಂದು ಸ್ಟೇಷನ್ನಿನಲ್ಲಿ ಲಿಫ್ಟ್ ಆ ಕಡೆ, ನಾವು ಇಳಿದದ್ದು ಈ ಕಡೆ. ಆ ರಸ್ತೆ ದಾಟಲು ಇಪ್ಪತ್ತು ನಿಮಿಷ ಆಯಿತು. ಅಮ್ಮ ಮಧ್ಯದಲ್ಲಿ ಕಣ್ಣು ಮುಚ್ಚಿ ನಿಂತುಬಿಟ್ಟರು. ಅದಕ್ಕೇ ಹೇಳಿದೆ.

ಬನವಾಸಿ ಹುಡುಗಿ
ಈ ಮಾತು ಸರಿ ಅಕ್ಕ. ಗೆರೆ, ಚುಕ್ಕೆ ಮಾತ್ರ ನೋಡಿದರೆ ಸಾಲದು. ಸ್ಟೇಷನ್ ಒಳಗೆ ಗೋಡೆಯ ಮೇಲೆ ಅಕ್ಕಪಕ್ಕದ ಬೀದಿಗಳ ನಕ್ಷೆ ಇರುತ್ತದೆ, ಯಾವ ಬಾಗಿಲು ಎಲ್ಲಿಗೆ ಅಂತ. ಟಿಕೆಟ್ ಗೇಟು ದಾಟುವ ಮೊದಲು ಅದನ್ನು ನೋಡಬೇಕು. ಇಲ್ಲದಿದ್ದರೆ ಸಿಬ್ಬಂದಿಯನ್ನು ಕೇಳಿ, ‘ಲಿಫ್ಟ್ ಇರೋ ಬಾಗಿಲು ಯಾವುದು’ ಅಂತ. ನಾನು ಕೇಳಿದಾಗೆಲ್ಲ ಹೇಳಿದ್ದಾರೆ.

ಕುಮಟಾ ಮೇಷ್ಟ್ರು
ಬೆರಳಿನ ಅಳತೆ ಅಂದಿರಲ್ಲ, ಅದರ ಬಗ್ಗೆ ಎರಡು ಮಾತು. ಈ ತರಹದ ನಕ್ಷೆಗಳನ್ನು ಅಳತೆಗೆ ಸರಿಯಾಗಿ ಬರೆಯುವುದೇ ಇಲ್ಲ. ಲಂಡನ್ನಿನ ನೆಲದಡಿ ರೈಲಿನ ಕಚೇರಿಯಲ್ಲಿ ನಕ್ಷೆಕಾರನಾಗಿದ್ದ ಹ್ಯಾರಿ ಬೆಕ್ 1931ರಲ್ಲಿ ಮೊದಲು ಹೀಗೆ ಬರೆದು ತೋರಿಸಿದ. 1933ರಲ್ಲಿ ಅದು ಅಚ್ಚಾಗಿ ಜನರ ಕೈಗೆ ಬಂತು. ಅದಕ್ಕೂ ಮೊದಲಿನ ನಕ್ಷೆಗಳಲ್ಲಿ ಗೆರೆಗಳು ನೆಲದ ಮೇಲೆ ಹೇಗೆ ಹೋಗುತ್ತವೋ ಹಾಗೇ ಅಂಕುಡೊಂಕು. ಊರ ನಡುವೆ ಸ್ಟೇಷನ್‌ಗಳು ಗುಂಪುಗುಂಪಾಗಿ ಇರುತ್ತಿದ್ದವು, ಹೆಸರು ಬರೆಯಲೂ ಜಾಗ ಸಾಲುತ್ತಿರಲಿಲ್ಲ. ಬೆಕ್ ಎಲ್ಲ ಗೆರೆಗಳನ್ನೂ ನೇರ ಮಾಡಿದ. ಅಡ್ಡ, ಉದ್ದ, ಇಲ್ಲವೆ 45 ಡಿಗ್ರಿ ಓರೆ. ಸ್ಟೇಷನ್‌ಗಳ ನಡುವಿನ ಅಂತರ ಹೆಚ್ಚುಕಡಿಮೆ ಸಮ ಮಾಡಿದ. ನೆಲದೊಳಗೆ ಕೂತವನಿಗೆ ಮೇಲಿನ ರಸ್ತೆ ಯಾಕೆ? ಯಾವುದರ ನಂತರ ಯಾವುದು, ಎಲ್ಲಿ ಬದಲಾಯಿಸಬೇಕು, ಅಷ್ಟು ಸಾಕು ಅಂತ ಅವನ ಯೋಚನೆ. ಇವತ್ತು ಲೋಕದ ಬಹುಪಾಲು ಮೆಟ್ರೋ ನಕ್ಷೆಗಳು ಅದೇ ದಾರಿ ಹಿಡಿದಿವೆ.

ಇದರಿಂದ ಒಂದು ತೊಂದರೆಯೂ ಇದೆ. ಲಂಡನ್ನಿನಲ್ಲೇ ಲೆಸ್ಟರ್ ಸ್ಕ್ವೇರ್, ಕೋವೆಂಟ್ ಗಾರ್ಡನ್ ಅಂತ ಎರಡು ಸ್ಟೇಷನ್ ಇವೆ. ನಡುವಿನ ದೂರ 300 ಮೀಟರೂ ಇಲ್ಲ. ನಕ್ಷೆ ನೋಡಿದವರು ರೈಲು ಹತ್ತುತ್ತಾರೆ. ನಡೆದರೆ ಅದಕ್ಕಿಂತ ಬೇಗ ಮುಟ್ಟಬಹುದು.

ಕೈಗಾ ಶಿಫ್ಟ್
ಮೇಷ್ಟ್ರೇ, ಆ ಬೆಕ್ ಕೆಲಸದಲ್ಲಿ ಬರೆಯುತ್ತಿದ್ದದ್ದು ಎಲೆಕ್ಟ್ರಿಕಲ್ ನಕ್ಷೆಗಳನ್ನು. ನಾವು ದಿನಾ ನೋಡುವ ಸರ್ಕ್ಯೂಟ್ ಚಿತ್ರದಲ್ಲೂ ಹಾಗೇ. ತಂತಿ ಗೋಡೆಯಲ್ಲಿ ಎಷ್ಟು ಸುತ್ತಿದೆ ಅಂತ ಬರೆಯುವುದಿಲ್ಲ. ಯಾವುದು ಯಾವುದಕ್ಕೆ ಕೂಡಿದೆ ಅನ್ನುವುದಷ್ಟೇ. ಮೆಟ್ರೋ ನಕ್ಷೆಯನ್ನು ಮೊದಲ ಸಲ ನೋಡಿದಾಗ ನನಗೆ ಅದು ತುಂಬಾ ಪರಿಚಯದ್ದು ಅನಿಸಿತ್ತು.

ಹಳದೀಪುರ
ನಮ್ಮ ಜಿಲ್ಲೆಯಲ್ಲೇ ಇದೆ ನೋಡಿ ಉದಾಹರಣೆ. ಕೊಂಕಣ ರೈಲ್ವೆ ನಕ್ಷೆಯಲ್ಲಿ ‘ಗೋಕರ್ಣ ರೋಡ್’ ಅಂತ ಚುಕ್ಕೆ. ದೂರದವರು ಇಳಿದು ದೇವಸ್ಥಾನ ಎಲ್ಲಿ ಅಂತ ಕೇಳುತ್ತಾರೆ. ಸ್ಟೇಷನ್ ಇರುವುದು ಮಾದನಗೇರಿ ಕಡೆ, ಗೋಕರ್ಣ ಪೇಟೆಗೆ ಅಲ್ಲಿಂದ ಬಸ್ಸೋ ರಿಕ್ಷಾವೋ ಬೇಕು. ರೈಲ್ವೆಯವರು ಹೆಸರಿಗೆ ‘ರೋಡ್’ ಅಂತ ಸೇರಿಸಿದ್ದರೆ ಊರು ಸ್ವಲ್ಪ ದೂರ ಇದೆ ಅಂತ ತಿಳಿಯಬೇಕು. ಸುಬ್ರಹ್ಮಣ್ಯ ರೋಡ್ ಕೂಡ ಹಾಗೇ. ಕಾರವಾರ ಸ್ಟೇಷನ್ನೂ ಪೇಟೆಯಲ್ಲಿಲ್ಲ, ಶಿರವಾಡದಲ್ಲಿದೆ.

ಕಡಲತೀರ ಕಾರವಾರ
ಬೆಂಗಳೂರಲ್ಲಿ ನಮಗೆ ಅದೇ ತರಹ ಆಗಿತ್ತು. ಮುರುಡೇಶ್ವರದ ರೈಲಿಗೆ ಟಿಕೆಟ್ ತೆಗೆದಿದ್ದೆವು. ಹೊರಡೋದು ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ. ಮೆಟ್ರೋ ನಕ್ಷೆಯಲ್ಲಿ ನೇರಳೆ ಗೆರೆಯ ಮೇಲೆ ಬೈಯಪ್ಪನಹಳ್ಳಿ ಇದೆ. ಎರಡೂ ಒಂದೇ ಜಾಗ ಅಂದುಕೊಂಡು ಅಲ್ಲಿ ಇಳಿದೆವು. ಟರ್ಮಿನಲ್ ಪಕ್ಕದಲ್ಲಿಲ್ಲ! ಸಾಮಾನು ಹೊತ್ತು ನಡೆಯುವಷ್ಟು ಹತ್ತಿರವೂ ಅಲ್ಲ. ಆಟೋ ಹಿಡಿದು ಓಡಿ, ರೈಲು ಹೊರಡಲು ನಾಲ್ಕು ನಿಮಿಷ ಇರುವಾಗ ಹತ್ತಿದೆವು. ಹೆಸರು ಒಂದೇ ಇದ್ದರೆ ಜಾಗ ಒಂದೇ ಅಂತ ಯಾರೂ ನಂಬಬೇಡಿ.

ಘಟ್ಟದ ಕೆಳಗೆ
ಕಾರವಾರದಿಂದ ಬೆಂಗಳೂರಿಗೆ ಬರುವ ಪಂಚಗಂಗಾ ರೈಲಿನಲ್ಲಿ ಬರುವವರಿಗೆ ಯಶವಂತಪುರವೇ ಒಳ್ಳೆಯದು. ರೈಲ್ವೆ ಸ್ಟೇಷನ್ನಿನ ತುಮಕೂರು ರಸ್ತೆ ಕಡೆಯ ಬಾಗಿಲು ಯಾವುದು ಅಂತ ಕೇಳಿಕೊಂಡು ಹೊರಗೆ ಬನ್ನಿ, ಮೆಟ್ರೋ ಹತ್ತಿರವೇ ಸಿಗುತ್ತದೆ.

ತಾಳಮದ್ದಲೆ ಪ್ರಿಯ
ಶಿರಸಿಗೆ ರೈಲು ಇದ್ದಿದ್ದರೆ ಈ ಬಸ್ಸಿನ ಲೆಕ್ಕವೇ ಬೇಕಾಗಿರಲಿಲ್ಲ. ಒಂದು ಕಡೆ ತಾಳಗುಪ್ಪ, ಒಂದು ಕಡೆ ಕುಮಟಾ, ಒಂದು ಕಡೆ ಹಾವೇರಿ. ಎಲ್ಲಿಗೆ ಹೋಗಬೇಕಾದರೂ ಮೊದಲು ಬಸ್ ಹತ್ತಬೇಕು. ಹುಬ್ಬಳ್ಳಿ-ಅಂಕೋಲಾ ರೈಲು ಅಂತ ನಾನು ಹೈಸ್ಕೂಲಿನಲ್ಲಿ ಇದ್ದಾಗಿನಿಂದ ಕೇಳುತ್ತಿದ್ದೇನೆ.

ಯಾಣದ ಕಾಡು
ಆ ಗೆರೆ ಹೋಗುವುದು ದಟ್ಟ ಕಾಡಿನೊಳಗೆ. ಘಟ್ಟ ಕುಸಿಯುವುದನ್ನು ನಾವು ಪ್ರತಿ ಮಳೆಗಾಲ ನೋಡುತ್ತಿದ್ದೇವೆ. ಶಿರೂರು ಗುಡ್ಡ ಕುಸಿದು ಇನ್ನೂ ಎಷ್ಟು ದಿನ ಆಯಿತು? ಕಾಗದದ ಮೇಲೆ ಗೆರೆ ಎಳೆಯುವುದು ಸುಲಭ.

ತಾಳಮದ್ದಲೆ ಪ್ರಿಯ
ಕಾಡು ಉಳಿಯಬೇಕು, ನಾನೂ ಅದನ್ನೇ ಹೇಳುವವನು. ಆದರೆ ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆಯೂ ಇಲ್ಲ, ದೊಡ್ಡ ಆಸ್ಪತ್ರೆಗೆ ಹೋಗುವ ದಾರಿಯೂ ಸರಿಯಿಲ್ಲ. ಎದೆ ನೋವು ಅಂದರೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಓಡಬೇಕು. ರೋಗಿ ಎಷ್ಟು ದೂರ ತಡೆದಾನು?

ವೇದಿಕೆ ನಿರ್ವಾಹಕ
ಇದಕ್ಕೆ ಬೇರೆ ಚರ್ಚೆ ತೆರೆಯಿರಿ. ಇಲ್ಲಿ ನಕ್ಷೆಯ ವಿಷಯ ಮಾತಾಡೋಣ, ಕೇಳಿದವರು ಶನಿವಾರ ಹೊರಡಬೇಕು.

ದಾದರ್ ಅಂಕೋಲಾ
ನಾನು ಮುಂಬೈಯಲ್ಲಿ 31 ವರ್ಷ ಕೆಲಸ ಮಾಡಿ ಊರಿಗೆ ಬಂದವನು. ಮುಂಬೈ ಲೋಕಲ್ ನಕ್ಷೆ ಓದಲು ಬಂದರೆ ಬೇರೆ ಯಾವ ಊರಿನದ್ದೂ ಓದಬಹುದು ಅಂತ ನನ್ನ ನಂಬಿಕೆ. ನಮ್ಮ ಕರಾವಳಿಯವರು ಮುಂಬೈಗೆ ಹೋಗುವ ಮತ್ಸ್ಯಗಂಧ ರೈಲು ಹತ್ತಿದರೆ ಕೊನೆಯ ಸ್ಟೇಷನ್ ತನಕ ಕೂತೇ ಇರುತ್ತಾರೆ. ಲೋಕಮಾನ್ಯ ತಿಲಕ್ ಟರ್ಮಿನಸ್‌ಗೆ (ಎಲ್‌ಟಿಟಿ) ಹೋಗಿ, ಅಲ್ಲಿಂದ ಮತ್ತೆ ಹಿಂದಕ್ಕೆ ಬರುತ್ತಾರೆ. ಡೊಂಬಿವಲಿ, ಕಲ್ಯಾಣಕ್ಕೆ ಹೋಗುವವರು ಠಾಣೆಯಲ್ಲೇ ಇಳಿಯಬೇಕು. ನೆರೂಳ್, ಬೇಲಾಪುರಕ್ಕೆ ಹೋಗುವವರು ಪನ್ವೇಲ್‌ನಲ್ಲಿ ಇಳಿದು ಹಾರ್ಬರ್ ಲೋಕಲ್ ಹಿಡಿಯಬೇಕು. ನೀವು ಯಶವಂತಪುರದಲ್ಲಿ ಇಳಿಯುವುದೂ ಇದೇ ಲೆಕ್ಕ. ಎಲ್ಲಿ ಇಳಿಯಬೇಕು ಅನ್ನೋದನ್ನು ಟಿಕೆಟ್ ತೆಗೆಯುವ ಮೊದಲೇ ನಕ್ಷೆ ನೋಡಿ ತೀರ್ಮಾನ ಮಾಡಬೇಕು.

ಇನ್ನೊಂದು ವಿಷಯ. ಅಲ್ಲಿ ಫಾಸ್ಟ್, ಸ್ಲೋ ಅಂತ ಎರಡು ತರಹದ ಗಾಡಿ. ನಕ್ಷೆಯಲ್ಲಿ ಎಲ್ಲ ಚುಕ್ಕೆಗಳೂ ಒಂದೇ ಸಮ. ಫಾಸ್ಟ್ ಹತ್ತಿದರೆ ನಿಮ್ಮ ಸ್ಟೇಷನ್ ಕಣ್ಣೆದುರಿಗೇ ದಾಟಿ ಹೋಗುತ್ತದೆ. ಪ್ಲಾಟ್‌ಫಾರಂ ಮೇಲಿನ ಬೋರ್ಡಿನಲ್ಲಿ ಅಕ್ಷರ ನೋಡಿಯೇ ಹತ್ತಬೇಕು. ಭಾನುವಾರ ಹಳಿ ದುರಸ್ತಿಗೆ ಗಾಡಿ ನಿಲ್ಲಿಸುವ ಮೆಗಾ ಬ್ಲಾಕ್ ಇದ್ದರೆ ಆ ನಕ್ಷೆಯ ಅರ್ಧ ಲೆಕ್ಕ ಬದಲಾಗುತ್ತದೆ.

ಶೇಡಬಾಳೆ
ಸರ್, ನನ್ನ ಮಗಳು ಅಂಧೇರಿಯಲ್ಲಿ ಇದ್ದಾಳೆ. ಎಲ್‌ಟಿಟಿಯಲ್ಲಿ ಇಳಿದ ಮೇಲೆ ದಾದರಿಗೆ ಹೋಗಿ ಬದಲಾಯಿಸಿ ಅಂತ ಎಲ್ಲರೂ ಹೇಳುತ್ತಾರೆ. ಆ ದಾದರ್ ಗದ್ದಲ ನನ್ನಿಂದ ಆಗುವುದಿಲ್ಲ.

ದಾದರ್ ಅಂಕೋಲಾ
ದಾದರ್ ಬೇಡವೇ ಬೇಡ ಅಕ್ಕ. ಕುರ್ಲಾಕ್ಕೆ ಬಂದು ಠಾಣೆ ಕಡೆ ಹೋಗುವ ಲೋಕಲ್ ಹತ್ತಿ ಘಾಟ್‌ಕೋಪರ್‌ನಲ್ಲಿ ಇಳಿಯಿರಿ. ಅಲ್ಲಿಂದ ಮೆಟ್ರೋ ಒಂದನೇ ಗೆರೆ. 2014ರಲ್ಲಿ ಶುರುವಾದದ್ದು, ಘಾಟ್‌ಕೋಪರ್‌ನಿಂದ ವರ್ಸೋವಾಕ್ಕೆ. ಸೀದಾ ಅಂಧೇರಿ. ಲೋಕಲ್ ಗಾಡಿಯ ಹಳೆಯ ನಕ್ಷೆಯಲ್ಲಿ ಈ ಮೆಟ್ರೋ ಇರುವುದಿಲ್ಲ, ಅದಕ್ಕೇ ಹಳಬರು ಎಲ್ಲರೂ ದಾದರ್ ಅನ್ನುತ್ತಾರೆ. ಎರಡೂ ನಕ್ಷೆಗಳನ್ನು ಪಕ್ಕಪಕ್ಕ ಇಟ್ಟುಕೊಂಡರೆ ಮಾತ್ರ ಈ ದಾರಿ ಕಾಣುತ್ತದೆ. ಇನ್ನೂ ಒಂದು ಇದೆ, ಪಶ್ಚಿಮ ಗೆರೆಯ ಪ್ರಭಾದೇವಿ, ಮಧ್ಯ ಗೆರೆಯ ಪರೇಲ್. ಎರಡು ಹೆಸರು, ಎರಡು ಚುಕ್ಕೆ. ನೆಲದ ಮೇಲೆ ಒಂದು ಕಾಲುಸೇತುವೆ ದಾಟಿದರೆ ಅದರಿಂದ ಇದಕ್ಕೆ ಬರಬಹುದು.

ಶೇಡಬಾಳೆ
ತುಂಬಾ ಉಪಕಾರ ಆಯಿತು. ಬರೆದಿಟ್ಟುಕೊಂಡೆ.

ಬೆಳ್ಳಿ ಚುಕ್ಕಿ
ನನಗೆ ಹುಟ್ಟಿನಿಂದ ಬಣ್ಣಗಳ ವ್ಯತ್ಯಾಸ ಸರಿಯಾಗಿ ಗೊತ್ತಾಗುವುದಿಲ್ಲ. ‘ಹಸಿರು ಗೆರೆ ಹಿಡಿ’ ಅಂದರೆ ನನಗೆ ಪ್ರಯೋಜನ ಇಲ್ಲ. ನಾನು ಗೆರೆಯ ಕೊನೆಯ ಸ್ಟೇಷನ್ ಹೆಸರು ನೆನಪಿಟ್ಟುಕೊಳ್ಳುತ್ತೇನೆ. ಪ್ಲಾಟ್‌ಫಾರಂ ಬೋರ್ಡಿನಲ್ಲೂ ಅದನ್ನೇ ಬರೆಯುತ್ತಾರೆ. ಯಶವಂತಪುರದಲ್ಲಿ ನೀವು ಹತ್ತಬೇಕಾದ್ದು ‘ರೇಷ್ಮೆ ಸಂಸ್ಥೆ’ ಕಡೆಗೆ ಹೋಗುವ ರೈಲು. ಆರ್.ವಿ. ರೋಡಿನಲ್ಲಿ ‘ಬೊಮ್ಮಸಂದ್ರ’ ಕಡೆಗೆ ಹೋಗುವುದು. ಬಣ್ಣ ಗೊತ್ತಾಗುವವರಿಗೂ ಇದು ಬೇಕು. ಬಣ್ಣ ಸರಿಯಿದ್ದು ದಿಕ್ಕು ತಪ್ಪಿದರೆ ಮಾದಾವರಕ್ಕೆ ವಾಪಸ್.

ಬನವಾಸಿ ಹುಡುಗಿ
ಒಳ್ಳೆಯದು ಹೇಳಿದಿರಿ. ನಾನೂ ಸೇರಿಸುತ್ತೇನೆ. ನಕ್ಷೆಯಲ್ಲಿ ಆರ್.ವಿ. ರೋಡ್ ಅಂತ ಹುಡುಕಿದರೆ ಸಿಗದೆ ಇರಬಹುದು, ‘ರಾಷ್ಟ್ರೀಯ ವಿದ್ಯಾಲಯ ರಸ್ತೆ’ ಅಂತ ಬರೆದಿರುತ್ತದೆ. ಮೆಜೆಸ್ಟಿಕ್ ಅಂದರೆ ‘ನಾಡಪ್ರಭು ಕೆಂಪೇಗೌಡ ನಿಲ್ದಾಣ’. ಜನ ಹೇಳುವುದು ಒಂದು, ನಕ್ಷೆಯಲ್ಲಿರುವುದು ಇನ್ನೊಂದು. ಅಪ್ಪನಿಗೆ ಎರಡೂ ಹೇಳಿಕೊಡಿ.

ಕೈಗಾ ಶಿಫ್ಟ್
ಎಲ್ಲ ಗೆರೆಗಳ ದಪ್ಪ ಒಂದೇ ಇರುತ್ತದೆ, ಅದನ್ನೂ ಗಮನಿಸಿ. ಹಳದಿ ಗೆರೆ 2025ರ ಆಗಸ್ಟಿನಲ್ಲಿ ತೆರೆದಾಗ ರೈಲುಗಳು ಕಡಿಮೆ ಇದ್ದವು, 25 ನಿಮಿಷಕ್ಕೊಂದು ಬರುತ್ತಿತ್ತು. ಆಮೇಲೆ ರೈಲು ಹೆಚ್ಚಿಸಿದರು. ಆದರೆ ನಕ್ಷೆಯಲ್ಲಿ ಅವತ್ತೂ ಹಳದಿ ಗೆರೆ ನೇರಳೆಯಷ್ಟೇ ದಪ್ಪ. ಎರಡು ನಿಮಿಷದ ಲೆಕ್ಕ ರೈಲಿನಲ್ಲಿ ಕೂತ ಮೇಲಿನದ್ದು. ಕಾಯುವ ಹೊತ್ತನ್ನು ಬೇರೆ ತಿಳಿದುಕೊಳ್ಳಬೇಕು.

ಹಳದೀಪುರ
ಚುಕ್ಕಿ ಚುಕ್ಕಿ ಗೆರೆ ಇದ್ದರೆ ಅದು ಇನ್ನೂ ಕಟ್ಟುತ್ತಿರುವ ದಾರಿ. ನನ್ನ ತಮ್ಮ ಕಳೆದ ವರ್ಷ ವಿಮಾನ ನಿಲ್ದಾಣಕ್ಕೆ ನೀಲಿ ಗೆರೆ ಇದೆ ಅಂತ ನಂಬಿ ಕೆ.ಆರ್. ಪುರದಲ್ಲಿ ಇಳಿದಿದ್ದ. ಅಲ್ಲಿ ಬರೀ ಕಂಬಗಳು. ಹೇಗೋ ಟ್ಯಾಕ್ಸಿ ಹಿಡಿದು ಹೋಗಿ ವಿಮಾನ ಹತ್ತಿದ.

ಗೃಹಿಣಿ ಸಿದ್ದಾಪುರ
ಮೆಟ್ರೋ ನಕ್ಷೆ ನೋಡುವವರು ಬಸ್ಸನ್ನು ಮರೆತುಬಿಡುತ್ತಾರೆ. ನಾವು ಹೆಂಗಸರಿಗೆ 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಬೆಂಗಳೂರಿನ ಸಿಟಿ ಬಸ್ಸೂ ಸೇರಿ. ಮೆಟ್ರೋಗೆ 2025ರ ಫೆಬ್ರವರಿಯಲ್ಲಿ ದರ ಏರಿಸಿ ಹೆಚ್ಚೆಂದರೆ 90 ರೂಪಾಯಿ ಅಂತ ಮಾಡಿದರು. ನಾನು, ಅತ್ತೆ, ಇಬ್ಬರು ಹೆಣ್ಣುಮಕ್ಕಳು ಹೋದರೆ ಬಸ್ಸೇ ನಮಗೆ ಸರಿ. ಹೊರ ವರ್ತುಲ ರಸ್ತೆಯಲ್ಲಿ 500ರ ನಂಬರಿನ ಬಸ್ಸುಗಳು ಎಷ್ಟು ಬೇಕಷ್ಟು. ಆ ದಾರಿಗಳನ್ನೂ ಮೆಟ್ರೋ ನಕ್ಷೆಯ ಮೇಲೆ ಒಂದು ತೆಳು ಗೆರೆಯಲ್ಲಿ ತೋರಿಸಿದ್ದರೆ ಎಷ್ಟು ಚೆನ್ನಾಗಿತ್ತು.

ಅಪ್ಪೆಮಿಡಿ
ಸೋಂದಾದವರೇ, ಇಷ್ಟೆಲ್ಲ ಓದಿ ಗಾಬರಿ ಆಗಬೇಡಿ. ಒಂದು ಹಾಳೆಯಲ್ಲಿ ನಿಮಗೆ ಬೇಕಾದ ಸ್ಟೇಷನ್‌ಗಳನ್ನು ಮಾತ್ರ ಬರೆದುಕೊಳ್ಳಿ. ಇಡೀ ನಕ್ಷೆ ನಿಮಗೆ ಬೇಡ.

ಸೋಂದಾ ದಾರಿ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಾಗೇ ಮಾಡುತ್ತೇನೆ. ತಡವಾಗಿ ಹೊರಡುವ ಬಸ್ಸಿಗೆ ಸೀಟು ಸಿಕ್ಕಿತು.

ಸೋಂದಾ ದಾರಿ (ಐದು ದಿನದ ನಂತರ)
ನಿನ್ನೆ ಊರಿಗೆ ಬಂದೆವು. ಅಪ್ಪ ಆರಾಮ ಇದ್ದಾರೆ. ಮಾತ್ರೆ ಬದಲಾಯಿಸಿದ್ದಾರೆ, ಮೂರು ತಿಂಗಳು ಬಿಟ್ಟು ಮತ್ತೆ ಬರಲು ಹೇಳಿದ್ದಾರೆ.

ಬಸ್ಸು ಯಶವಂತಪುರಕ್ಕೆ ಬಂದಾಗ 6.50. ಕಂಡಕ್ಟರಿಗೆ ಮೊದಲೇ ಹೇಳಿಟ್ಟಿದ್ದೆ. ಲಿಫ್ಟ್ ನಾವು ಇಳಿದ ಕಡೆಯಲ್ಲೇ ಸಿಕ್ಕಿತು. ಏಳಕ್ಕೆ ಬಾಗಿಲು ತೆಗೆಯುವಾಗ ನಮ್ಮ ಹಾಗೆಯೇ ಬ್ಯಾಗ್ ಹಿಡಿದ ಇಪ್ಪತ್ತು ಜನ ನಿಂತಿದ್ದರು, ಒಬ್ಬರು ಸಾಗರದವರು. ಅಪ್ಪನಿಗೆ ಕೂರಲು ಜಾಗ ಸಿಕ್ಕಿತು. ಹಾಳೆಯಲ್ಲಿ ಹದಿನಾಲ್ಕು ಹೆಸರು ದೊಡ್ಡ ಅಕ್ಷರದಲ್ಲಿ ಬರೆದು ಅಪ್ಪನ ಕೈಗೆ ಕೊಟ್ಟಿದ್ದೆ. ಒಂದೊಂದು ಸ್ಟೇಷನ್ ಬಂದಾಗಲೂ ಅಪ್ಪ ಪೆನ್ನಿನಿಂದ ಗೀಟು ಹಾಕುತ್ತಾ ಹೋದರು. ಸಂಪಿಗೆ ರಸ್ತೆ ದಾಟಿ ರೈಲು ನೆಲದೊಳಗೆ ಇಳಿದಾಗ ಸ್ವಲ್ಪ ಹೊತ್ತು ನನ್ನ ಕೈ ಹಿಡಿದುಕೊಂಡರು. ನ್ಯಾಷನಲ್ ಕಾಲೇಜಿನಲ್ಲಿ ಮತ್ತೆ ಬೆಳಕು ಬಂದಾಗ ಬಿಟ್ಟರು. ಆರ್.ವಿ. ರೋಡಿಗೆ ಅರ್ಧ ಗಂಟೆ, ಬನವಾಸಿಯವರು ಹೇಳಿದಷ್ಟೇ. ಹಳದಿ ಗೆರೆಗೆ ಸ್ವಲ್ಪ ಕಾಯಬೇಕಾಯಿತು.

ಸೋಮವಾರ ಆಸ್ಪತ್ರೆಗೆ ಬಿಟಿಎಂನಿಂದ ಒಂದೇ ಸ್ಟೇಷನ್. ಅಪ್ಪನೇ ಮುಂದೆ ನಡೆದು ‘ಇದು ಆರ್.ವಿ. ರೋಡಿಗೆ ಹೋಗೋದು ಅಲ್ವಾ’ ಅಂತ ಬೋರ್ಡು ನೋಡಿ ಹತ್ತಿದರು. ಕಾರವಾರದ ಅಕ್ಕ, ವಾಪಸ್ ಬರುವ ದಿನ ಮಾತ್ರ ನಿಮ್ಮ ಮಾತು ಕೇಳಿ ಆಟೋ ಮಾಡಿದೆ. ಅಪ್ಪನಿಗೆ ತುಂಬಾ ಸುಸ್ತಾಗಿತ್ತು.

ಕಡಲತೀರ ಕಾರವಾರ
ಓದಿ ಸಮಾಧಾನ ಆಯಿತು ತಮ್ಮ. ಅಪ್ಪನ ಆರೋಗ್ಯ ನೋಡಿಕೊಳ್ಳಿ. ಮಾತ್ರೆ ತಪ್ಪಿಸಬೇಡಿ.

ಕುಮಟಾ ಮೇಷ್ಟ್ರು
ನನಗೆ ಒಂದು ಯೋಚನೆ ಬಂದಿದೆ. ನಮ್ಮ ಜಿಲ್ಲೆಯ ಬಸ್ ದಾರಿಗಳನ್ನು ಇದೇ ರೀತಿ ಬರೆದರೆ ಹೇಗೆ? ಶಿರಸಿ ನಡುವಿನ ದೊಡ್ಡ ಚುಕ್ಕೆ. ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಒಂದು ಗೆರೆ, ಸಿದ್ದಾಪುರಕ್ಕೆ ಒಂದು, ಮುಂಡಗೋಡ ಮೇಲೆ ಹುಬ್ಬಳ್ಳಿಗೆ ಒಂದು, ಬನವಾಸಿಗೆ, ಹಾವೇರಿಗೆ, ಯಲ್ಲಾಪುರಕ್ಕೆ. ಕರಾವಳಿಯ ಉದ್ದಕ್ಕೆ ಕಾರವಾರದಿಂದ ಭಟ್ಕಳಕ್ಕೆ ರೈಲು ಗೆರೆ. ಕುಮಟಾದಲ್ಲಿ ಬಸ್ಸೂ ರೈಲೂ ಕೂಡುತ್ತವೆ, ನಡುವೆ ಎಷ್ಟು ನಡೆಯಬೇಕು ಅಂತಲೂ ಬರೆಯೋಣ. ಮೆಟ್ರೋ ನಕ್ಷೆಯಲ್ಲಿ ಇಲ್ಲದ್ದು ಇದರಲ್ಲಿ ಇರಲಿ, ಕೊನೆಯ ಬಸ್ಸಿನ ಹೊತ್ತು. ನಮ್ಮ ಊರುಗಳಲ್ಲಿ ಅದಿಲ್ಲದೆ ನಕ್ಷೆ ಉಪಯೋಗಕ್ಕೆ ಬರುವುದಿಲ್ಲ. ಶಾಲೆಯ ಮಕ್ಕಳ ಕೈಯಲ್ಲಿ ಬರೆಸುತ್ತೇನೆ. ತಮ್ಮ ತಮ್ಮ ಊರಿನ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅಂತ ಇಲ್ಲಿ ತಿಳಿಸಿ.

ಗೃಹಿಣಿ ಸಿದ್ದಾಪುರ
ಮೇಷ್ಟ್ರೇ, ಖಂಡಿತ ಮಾಡಿ. ನಾಳೆ ಬಸ್ ಸ್ಟ್ಯಾಂಡಿಗೆ ಹೋಗುತ್ತೇನೆ, ಬೋರ್ಡಿನ ಫೋಟೋ ತೆಗೆದು ಹಾಕುತ್ತೇನೆ.

ಯಾಣದ ಕಾಡು
ಮಳೆಗಾಲದಲ್ಲಿ ಘಟ್ಟ ಬಂದಾದರೆ ಸುತ್ತಿ ಹೋಗುವ ದಾರಿಗೂ ಒಂದು ಗೆರೆ ಬೇಕು. ಅದಕ್ಕೆ ಯಾವ ಬಣ್ಣ ಹಾಕುತ್ತೀರಿ?

ಬೆಳ್ಳಿ ಚುಕ್ಕಿ
ಬಣ್ಣದ ಜೊತೆ ಪ್ರತಿ ಗೆರೆಯ ಮೇಲೆ ಹೆಸರೂ ಬರೆಸಿ ಮೇಷ್ಟ್ರೇ, ದಯವಿಟ್ಟು.